ಕಾಕಾ ಜೋಡಿಸಿದ ಕೇಬಲ್

ಕೇಶ್ವಾಪುರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ವೈರಿನ ತುದಿಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದರು. ಬೆಸುಗೆ ಹಾಕುವಾಗ ಉಸಿರು ಬಿಗಿಹಿಡಿದು, ಮುಗಿದ ಮೇಲೆ "ವೈರ್ ಸುಳ್ಳ ಹೇಳೂದಿಲ್ಲರಿ" ಎನ್ನುತ್ತಿದ್ದರು.

ಅವರ ಬಳಿ ಬರೀ ಕೀಲಿಮಣೆಯಂತೆ ಕಾಣುವ ಹಳೆಯ ಕಂಪ್ಯೂಟರ್ ಇತ್ತು. ಚಿಕ್ಕಂದಿನಲ್ಲಿ ಅದರ ಹಾವಿನ ಆಟದಲ್ಲಿ ತಮ್ಮ ಅಕ್ಕನನ್ನು ತಾವು ಸೋಲಿಸಿದ್ದೆವು ಎಂಬುದು ಕಾಕಾ ಅವರ ವಾದ. ಗೆದ್ದವಳು ತಾನು ಎಂಬುದು ಆ ಅಕ್ಕನ ವಾದ. ಅಂಕಗಳು ಕ್ಯಾಸೆಟ್ಟಿನಲ್ಲಿ ಉಳಿದಿದ್ದವು, ಆದರೆ ಆ ಕಂಪ್ಯೂಟರಿಗೆ ಪರದೆಯಾಗಿ ಹೊಂದುವ ಹಳೆಯ ಟಿವಿ ಈಗ ಯಾರಲ್ಲೂ ಇರಲಿಲ್ಲ. ಹಾಗಾಗಿ ಅಂಕಗಳನ್ನು ಈಗಿನ ಪಿಸಿಗೆ ಸಾಗಿಸಲು ಕಾಕಾ ತಾವೇ ಒಂದು ಸೀರಿಯಲ್ ಕೇಬಲ್ ಮಾಡಿದರು. ಸಾಕ್ಷಿಗೆ ನನ್ನನ್ನು ಕರೆದರು. ಅಕ್ಕ ನವನಗರದಿಂದ ಬಸ್ಸಿನಲ್ಲಿ ಬಂದು, ನೀರನ್ನೂ ಕೇಳದೆ ಪರದೆಯ ಎದುರು ಕುರ್ಚಿ ಎಳೆದುಕೊಂಡರು.

ಪರದೆಯ ಮೇಲೆ ಮೊದಲ ಸ್ಥಾನದಲ್ಲಿ ಅಕ್ಕನ ಹೆಸರು ಬಂತು. ಅದರ ಕೆಳಗೆ ಕಾಕಾ ಅವರದು.

"ವೈರ್ ಸುಳ್ಳ ಹೇಳೂದಿಲ್ಲ ಅಂತಿದ್ಯಲ್ಲೋ ತಮ್ಮಾ!" ಎಂದರು ಅಕ್ಕ.

ಕಾಕಾ ಕೇಬಲ್ ಎತ್ತಿ ಹಿಡಿದರು. "ಇದರಾಗ ಕಳಸೂ ವೈರು, ತಗೊಳ್ಳೂ ವೈರು ಅದಲಾಬದಲಿ ಮಾಡೀನಿ, ಅಕ್ಕಾ. ಹಂಗ ಮಾಡದಿದ್ರ ಕೆಲಸಾ ಆಗೂದಿಲ್ಲ. ಅದಕ್ಕ ಹೆಸರೂ ಅದಲಾಬದಲಿ ಆಗ್ಯಾವ."

"ಹಂಗಾರ ನೆಟ್ಟಗ ಜೋಡಸು, ನೋಡೇ ಬಿಡೂಣು."

ಕಾಕಾ ಎರಡೂ ವೈರ್ ಬಿಚ್ಚಿ ಮತ್ತೆ ಬೆಸುಗೆ ಹಾಕಿದರು. ನೆಟ್ಟಗೆ ಜೋಡಿಸಿದರೆ ಒಂದು ಯಂತ್ರ ಕಳಿಸಿದ್ದು ಇನ್ನೊಂದನ್ನು ಮುಟ್ಟುವುದೇ ಇಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾವು ಮೂವರೂ ಕಾದೆವು. ಪರದೆ ಖಾಲಿಯೇ ಉಳಿಯಿತು.

ಕಾಕಾ ಗಂಭೀರವಾಗಿ ನನ್ನ ಕಡೆ ತಿರುಗಿದರು.

"ನೋಡ್ರಿ, ಅಕಿ ಆಟಾ ಆಡೇ ಇಲ್ಲ."