ಔರಾದಿನಿಂದ ಮಾವಶಿ ನೀಡಿದ ವರದಿ

ದುಬೈಯ ಒಂದು ಚಾನೆಲ್ಲಿನಲ್ಲಿ ಇಂಗ್ಲಿಷ್ ಸುದ್ದಿ ಓದುವ ಕೆಲಸ ಸಿಕ್ಕಾಗ ಬೆಂಗಳೂರಿನ ಗೆಳತಿಯರು ಅದನ್ನು ಅಂತರರಾಷ್ಟ್ರೀಯ ವೃತ್ತಿಜೀವನ ಎಂದು ಕರೆದು ಕೇಕು ತರಿಸಿದರು. ಬೀದರಿನಲ್ಲಿ ಹಾಗೇನೂ ಆಗಲಿಲ್ಲ. ಚಿದ್ರಿಯ ನಮ್ಮ ಓಣಿಯಲ್ಲಿ ದುಬೈಗೆ ಹೋಗಿ ಬಂದವರಿಗೆ ಬರಗಾಲವಿರಲಿಲ್ಲ. ಪಕ್ಕದ ಮನೆಯ ಚಾಚಾ ಅಲ್ಲಿ ಬಹಳ ವರ್ಷ ಕ್ರೇನ್ ನಡೆಸಿ ಬಂದಿದ್ದರು. ಅವರು ಕೇಳಿದ್ದು ಒಂದೇ ಮಾತು. "ಡ್ಯೂಟಿ ಬಿಸಲಾಗೋ, ನೆರಳಾಗೋ?"

"ನೆರಳಾಗ್ರಿ ಚಾಚಾ. ಎ.ಸಿ. ಅದ."

"ಹಂಗಾದ್ರ ಚೊಲೋ. ಪಾಸ್‌ಪೋರ್ಟ್ ಮಾತ್ರ ಯಾರ ಕೈಯಾಗೂ ಕೊಡಬ್ಯಾಡ ಬೇಟಿ."

ಮುಂದೆ ನನ್ನ ಸಂಪಾದಕರು ಕೊಟ್ಟ ಯಾವ ಸಲಹೆಯೂ ಅಷ್ಟು ಉಪಯೋಗಕ್ಕೆ ಬರಲಿಲ್ಲ.

ಅದಕ್ಕೂ ಮೊದಲು ಕೆಲವು ವರ್ಷ ಬೆಂಗಳೂರಿನಲ್ಲಿ ಕನ್ನಡ ಸುದ್ದಿ ಓದಿದ್ದೆ. ಅಲ್ಲಿ ಶುರುವಿನ ದಿನಗಳೆಲ್ಲ ನನ್ನ ಬಾಯಿಂದ ಬೀದರನ್ನು ತೆಗೆಯುವುದರಲ್ಲೇ ಹೋದವು. 'ಮನಿ' ಹೋಗಿ 'ಮನೆ' ಬಂತು, 'ಯಾಕ' ಹೋಗಿ 'ಏಕೆ' ಬಂತು. ದುಬೈಯವರು ನನ್ನ ಇಂಗ್ಲಿಷಿನಲ್ಲಿ ಉಳಿದಿದ್ದ ಬೆಂಗಳೂರನ್ನೂ ತೆಗೆದರು. ನಾನು ಯಾವ ಊರಿನವಳೆಂದು ಯಾರಿಗೂ ತಿಳಿಯದಂತಾದ ಮೇಲೆ ನನಗೆ ಮುಖ್ಯ ಬುಲೆಟಿನ್ ಕೊಟ್ಟರು.

ಆಮೇಲೆ ಅದೇ ಚಾನೆಲ್ಲಿಗೆ ನನಗೊಂದು ಊರಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಸುದ್ದಿ ಓದುವವರೆಲ್ಲ ತಮ್ಮ ತಮ್ಮ ಹುಟ್ಟೂರಿಗೆ ಹೋಗಿ ಬರುವ ಒಂದು ಸರಣಿ ಮಾಡುವುದೆಂದಾಯಿತು. ಲೆಬನಾನಿನ ಒಬ್ಬ ಕ್ಯಾಮೆರಾಮನ್‌ನನ್ನು ಜೊತೆಗೆ ಕಳಿಸಿದರು. ಎಲ್ಲವೂ ಸಹಜವಾಗಿರಬೇಕು ಎಂಬುದು ಅವನಿಗೆ ಕೊಟ್ಟ ಸೂಚನೆ.

ಚಿದ್ರಿಯಲ್ಲಿ ನಾವು ಬಾಡಿಗೆಗಿದ್ದ ಮನೆ ಈಗ ಬ್ಯೂಟಿ ಪಾರ್ಲರ್. ಒಳಗೆ ಮದುಮಗಳೊಬ್ಬಳು ಸಿಂಗಾರಕ್ಕೆ ಕೂತಿದ್ದರಿಂದ ನಮ್ಮನ್ನು ಹೊಸ್ತಿಲು ದಾಟಗೊಡಲಿಲ್ಲ. ಅಲ್ಲಿಂದ ಭಾಲ್ಕಿಗೆ ಅಕ್ಕನ ಮನೆಗೆ ಹೋದೆವು. ಅವಳು ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಊಟಕ್ಕೆ ಬಡಿಸಿದಳು, ಕ್ಯಾಮೆರಾಕ್ಕೆ ಮಾತ್ರ ಒಲ್ಲೆ ಅಂದಳು. "ನಾ ದಿನಾ ಹುಡುಗರ ಮುಂದ ಒದರಿ ಒದರಿ ಸಾಕಾಗೇದ. ಮಾತಾಡೋರು ಬೇಕಂದ್ರ ಔರಾದಿಗಿ ಮಾವಶಿ ಕಡಿ ಹೋಗು."

ಮಾವಶಿ ನಮ್ಮ ಅವ್ವನ ತಂಗಿ. ಔರಾದಿನಲ್ಲಿ ಗಂಡನ ಜೊತೆ ಬಟ್ಟೆ ಅಂಗಡಿ ನಡೆಸುತ್ತಾಳೆ. ಕನ್ನಡ, ಮರಾಠಿ, ದಖನಿ ಉರ್ದು ಮೂರನ್ನೂ ಒಂದೇ ಮಾತಿನಲ್ಲಿ ಬೆರೆಸಿ, ಬರೀ ನೋಡಲು ಬಂದ ಗಿರಾಕಿಗೂ ಸೀರೆ ಉಡಿಸಿ ಕಳಿಸುವವಳು. ಸಹಜತೆಗೆ ಇವಳಿಗಿಂತ ಯಾರು ಬೇಕು ಎಂದು ನನಗೆ ಧೈರ್ಯ ಬಂತು.

ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಅವಳು ಒಳಗೆ ಹೋಗಿ ಹೊಸ ನೇರಳೆ ಸೀರೆ ಉಟ್ಟು ಬಂದಳು. ಗಲ್ಲಾಪೆಟ್ಟಿಗೆಯ ಹಿಂದೆ ಬೆನ್ನು ನೆಟ್ಟಗೆ ಮಾಡಿ ಕೂತಳು. ನಾನು ಸಣ್ಣವಳಿದ್ದಾಗ ಹ್ಯಾಂಗಿದ್ದೆ ಹೇಳು ಅಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ನೇರ ಲೆನ್ಸಿನೊಳಗೆ ನೋಡಿದಳು.

"ಎಲ್ಲರಿಗೂ ಶರಣು ಶರಣಾರ್ಥಿ. ನನ್ನ ಅಕ್ಕನ ಕಿರಿಯ ಪುತ್ರಿ ವಿದೇಶದಿಂದ ಇಂದು ಔರಾದ್ ಪಟ್ಟಣಕ್ಕೆ ಆಗಮಿಸಿದ್ದಾರೆ. ಬಾಲ್ಯದಲ್ಲಿ ಅವರು ಹಠಮಾರಿಯಾಗಿದ್ದರು ಎಂದು ತಿಳಿದುಬಂದಿದೆ. ಅವರ ವಿವಾಹದ ಕುರಿತು ಪ್ರತಿಕ್ರಿಯಿಸಲು ಕುಟುಂಬದ ಮೂಲಗಳು ನಿರಾಕರಿಸಿವೆ."

ಅವಳ ಗಂಡ, ನಮ್ಮ ಕಾಕಾ, ಗಿರಾಕಿಯೊಬ್ಬರಿಗೆ ಬಟ್ಟೆ ಅಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಮಾವಶಿ, ಮನ್ಯಾಗ ಮಾತಾಡೂ ಹಂಗ ಮಾತಾಡು," ಅಂದೆ.

"ಟಿ.ವಿ.ಯಾಗ ಯಾರರ ಮನಿ ಮಾತು ಮಾತಾಡ್ತಾರೇನು? ನೀ ಎಂದರ ಮಾತಾಡಿಯೇನು?"

ಮತ್ತೆ ಮತ್ತೆ ಚಿತ್ರೀಕರಿಸಿದೆವು. ಪ್ರತಿ ಸಲವೂ ವರದಿ ಉದ್ದವಾಯಿತೇ ಹೊರತು ಭಾಷೆ ಇಳಿಯಲಿಲ್ಲ. ಕನ್ನಡದ ಒಂದಕ್ಷರ ಬಾರದ ಕ್ಯಾಮೆರಾಮನ್ ಮಾತ್ರ ಬಹಳ ಖುಷಿಯಾಗಿದ್ದ. ಇಷ್ಟು ಸಹಜವಾಗಿ ಮಾತಾಡುವವರನ್ನು ತಾನು ನೋಡಿಯೇ ಇಲ್ಲ ಅಂದ.

ಕ್ಯಾಮೆರಾ ಆರಿದ ಮೇಲೆ ಚಹಾ ಬಂತು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ.

"ನಿನ್ನ ಕಡಿಂದಾನೇ. ನೀ ಬೆಂಗಳೂರಾಗ ಓದೂ ಹೊತ್ತಿಗಿ ಗಿರಾಕಿ ಬಿಟ್ಟು ಒಳಗ ಬಂದು ಕೂಡ್ತಿದ್ದೆ. ಸುದ್ದಿ ಯಾರಿಗಿ ಬೇಕಾಗಿತ್ತು? ದನಿ ಕೇಳಿದ್ರ ಗೊತ್ತಾಗ್ತಿತ್ತು, ನೆಗಡಿ ಆಗೇದೋ, ಉಂಡಿಯೋ, ಇಲ್ಲೋ ಅಂತ. ಈಗ ಇಂಗ್ಲಿಷದಾಗ ಓದ್ತಿ. ಏನೂ ತಿಳಿಯಲ್ಲ."

ಲೆನ್ಸಿನ ಆಚೆ ನಿಮ್ಮವರೊಬ್ಬರು ಕೂತಿದ್ದಾರೆ ಅಂದುಕೊಂಡು ಓದಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಯಾರನ್ನೂ ಅಂದುಕೊಂಡಿರಲಿಲ್ಲ. ಚಹಾ ಕುಡಿದೆ. ಅವಳು ಇನ್ನೊಂದು ಕಪ್ಪು ಬಗ್ಗಿಸಿದಳು.

ದುಬೈಯಲ್ಲಿ ಸಂಪಾದಕರು ಮಾವಶಿಯ ಮಾತಿನ ಮೇಲೆ ಇಂಗ್ಲಿಷ್ ದನಿ ಕೂರಿಸಲು ತೀರ್ಮಾನಿಸಿದರು. ಅಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಹೀಗೆ, ನನ್ನ ವಿವಾಹದ ಕುರಿತು ಕುಟುಂಬದ ಮೂಲಗಳು ಪ್ರತಿಕ್ರಿಯಿಸಲು ನಿರಾಕರಿಸಿವೆ ಎಂಬ ಸುದ್ದಿಯನ್ನು ನಾನೇ, ನನ್ನದೇ ದನಿಯಲ್ಲಿ, ಹಲವು ದೇಶಗಳ ಜನರಿಗೆ ಓದಿ ಹೇಳಿದೆ. ಬೇರೆ ಯಾರನ್ನೂ ಕೇಳದೆ ಖಚಿತಪಡಿಸಬಹುದಾದ ಸುದ್ದಿ ನನ್ನ ವೃತ್ತಿಯಲ್ಲಿ ಅದೊಂದೇ.

ಪ್ರಸಾರವಾದ ಮರುದಿನ ಅಕ್ಕ ಅದನ್ನು ಔರಾದಿಗೆ ಮೊಬೈಲಿನಲ್ಲಿ ಕಳಿಸಿದಳು. ಸಂಜೆಗೆ ಮಾವಶಿಯ ಫೋನು ಬಂತು.

"ನೋಡ್ದೆ. ಅಂಗಡಿಗಿ ಬಂದೋರಿಗೆಲ್ಲಾ ತೋರ್ಸಿನಿ. ನಾ ಇಂಗ್ಲಿಷ್ ಚೊಲೋ ಮಾತಾಡೇನಿ."

"ಹೌದು ಮಾವಶಿ," ಅಂದೆ.

"ಆ ನೇರಳಿ ಸೀರಿ ಎಲ್ಲಾರೂ ಕೇಳ್ಲತಾರ. ಇನ್ನ ಎರಡೇ ಉಳದಾವ. ನಿನಗ ಒಂದು ಇಡ್ಲೇನು?"

ಇಡು ಅಂದೆ.