ಮಾಳಿಗೆಯ ಮೇಲಿನ ಒಂಬತ್ತು

ಶಾಲೆಯಲ್ಲಿ ಅಂದು ರೋಮನ್ ಅಂಕಿಗಳನ್ನು ಹತ್ತರವರೆಗೆ ಕಲಿಸಿದ್ದರು. ಕುಂದಗೋಳದ ನಮ್ಮ ಮನೆಯ ಮಾಳಿಗೆಯ ಮೇಲೆ ಅಜ್ಜಿ ಒಣಮೆಣಸಿನಕಾಯಿ ಆರಿಸುತ್ತ ಕೂತಿದ್ದಳು. ನಾನು ಪಾಟಿಚೀಲವನ್ನೂ ಇಳಿಸದೆ ಮೇಲೆ ಓಡಿ, ಉದ್ದನೆಯ ಕಾಯಿಗಳಿಂದಲೇ ಅಂಕಿ ಜೋಡಿಸಿದೆ. ಎರಡನ್ನು ಕತ್ತರಿಯಂತೆ ಇಟ್ಟರೆ ಹತ್ತು. ಒಂಟಿ ಕಾಯಿ ಅದರ ಎಡಕ್ಕಿದ್ದರೆ ಕಳೆಯಬೇಕು, ಬಲಕ್ಕಿದ್ದರೆ ಕೂಡಿಸಬೇಕು. ಎಡಕ್ಕಿಟ್ಟೆ, ಒಂಬತ್ತಾಯಿತು.

"ಕಾಯಿ ತುಳೀಬ್ಯಾಡ ಬೇ, ಈ ಕಡೆ ಬಾ," ಅಂದಳು ಅಜ್ಜಿ.

ಎದುರು ಬದಿಗೆ ಹೋಗಿ ಅವಳ ಬಾಜು ನಿಂತು ನೋಡಿದರೆ ಎಡಕ್ಕಿದ್ದ ಕಾಯಿ ಬಲಕ್ಕೆ ಬಂದಿತ್ತು. ಒಂಬತ್ತು ಎಲ್ಲಿದೆ? ಅಲ್ಲಿದ್ದದ್ದು ಹನ್ನೊಂದು, ಇನ್ನೂ ಯಾರೂ ನನಗೆ ಕಲಿಸದ ಹನ್ನೊಂದು. ನಂಬಲಾಗದೆ ಎರಡೂ ಕೈಯಿಂದ ಕಣ್ಣುಜ್ಜಿಕೊಂಡೆ.

"ಖಾರದ ಕೈಲೆ ಕಣ್ಣ ಮುಟ್ಟತಾರೇನ?" ಎನ್ನುತ್ತ ಅಜ್ಜಿ ನೀರು ತರುವಷ್ಟರಲ್ಲಿ, ನಾನು ಕಣ್ಣು ಮುಚ್ಚಿ, ಅಳುತ್ತಲೇ, "ಹನ್ನೊಂದು, ಹನ್ನೊಂದು" ಎಂದು ಕುಣಿಯುತ್ತಿದ್ದೆ.