ಥೊರೊನೋಥಾ ಮತ್ತು ಕಸ್ತೂರಕ್ಕನ ಡಬ್ಬಿ

ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಕೊರಿಯನ್ ಭಾಷೆ ಕಲಿಯುತ್ತಿದ್ದೇನೆ. ಯಾಕೆ ಎಂದು ಕೇಳಿದವರಿಗೆ, ನೆನಪಿನ ಶಕ್ತಿ ಉಳಿಸಿಕೊಳ್ಳಲು ಎನ್ನುತ್ತೇನೆ. ಡಾಕ್ಟರೇ ಹೇಳಿದ್ದಾರೆ ಎಂದೂ ಸೇರಿಸುತ್ತೇನೆ. ಯಾವ ಡಾಕ್ಟರೂ ಹೇಳಿಲ್ಲ. ಕೊರಿಯಾದ ಧಾರಾವಾಹಿಗಳಲ್ಲಿ ಉದ್ದ ಕೋಟು ತೊಟ್ಟ ಹುಡುಗನೊಬ್ಬ ಅಳುತ್ತಾ ಏನೋ ಹೇಳುತ್ತಾನೆ. ಅದನ್ನು ಕೆಳಗೆ ಓಡುವ ಅಕ್ಷರಗಳ ಹಂಗಿಲ್ಲದೆ ತಿಳಿಯಬೇಕೆಂಬುದೇ ನಿಜವಾದ ಕಾರಣ. ಎಷ್ಟು ಸಲೀಸಾಗಿ ಒಪ್ಪಿಕೊಂಡಳಲ್ಲ ಎಂದು ನನ್ನನ್ನು ಮೆಚ್ಚಿಬಿಡಬೇಡಿ. ಸಣ್ಣಪುಟ್ಟ ತಪ್ಪುಗಳನ್ನು ಒಪ್ಪಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ. ದೊಡ್ಡದೊಂದನ್ನು ಮುಚ್ಚಿಡಬೇಕಾದವರಿಗೆ ಈ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಹೈದರಾಬಾದಿನ ಹಿಮಾಯತ್‌ನಗರದ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ತರಗತಿ. ಹನ್ನೊಂದು ಜನ ಕಾಲೇಜು ಹುಡುಗಿಯರು ಮತ್ತು ನಾನು. ಕಲಿಸುವ ಮೌನಿಕಾ ವರಂಗಲ್ ಕಡೆಯವಳು, ಎರಡು ವರ್ಷ ಕೊರಿಯಾದಲ್ಲಿ ಓದಿ ಬಂದವಳು, ನನಗಿಂತ ಮೂವತ್ತೈದು ವರ್ಷವಾದರೂ ಚಿಕ್ಕವಳು. ನಾವು ಅವಳನ್ನು 'ಸೊನ್‌ಸೆಂಗ್‌ನಿಮ್', ಅಂದರೆ ಗುರುಗಳೇ, ಎಂದು ಕರೆಯಬೇಕು. ಅವಳು ನನ್ನನ್ನು 'ಆಂಟಿ' ಎನ್ನುತ್ತಾಳೆ. ಹೋಂವರ್ಕ್ ಮಾಡದೆ ಹೋದ ದಿನ ಮಾತ್ರ 'ಆಂಟೀಗಾರು' ಆಗುತ್ತೇನೆ.

ಕಳೆದ ತಿಂಗಳು ಒಂದು ಭಾನುವಾರ ಮೌನಿಕಾ ತನ್ನ ಬ್ಯಾಗನ್ನು ಮೇಜಿನ ಮೇಲೆ ತಲೆಕೆಳಗು ಮಾಡಿ ಜಾಡಿಸಿದಳು. ಮೆಟ್ರೊ ಕಾರ್ಡು, ಬಾಚಣಿಗೆ, ಅರ್ಧ ತಿಂದ ಶೇಂಗಾ ಚಿಕ್ಕಿ, ಒಂದು ಒಂಟಿ ಕಿವಿಯೋಲೆ ಬಿದ್ದವು. ಸಾಲದೆಂದು ಬ್ಯಾಗಿನ ಮೂಲೆಗಳನ್ನೂ ಬೆರಳಿನಿಂದ ತಟ್ಟಿದಳು. "ಥೊರೊನೋಥಾ" ಎಂದಳು. ಒಳಗಿರುವುದನ್ನೆಲ್ಲ ಜಾಡಿಸಿ ಹೊರಗಿಡುವುದು. ಆಮೇಲೆ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಇಲ್ಲಿರುವುದನ್ನು ಒಂದೂ ಉಳಿಸದೆ ಹೇಳಿಬಿಡುವುದಕ್ಕೂ ಕೊರಿಯಾದವರು ಇದೇ ಕ್ರಿಯಾಪದ ಬಳಸುತ್ತಾರೆ ಎಂದು ವಿವರಿಸಿದಳು. ಮುಂದಿನ ವಾರಕ್ಕೆ ಎಲ್ಲರೂ ಈ ಪದ ಹಾಕಿ ತಮ್ಮ ಬಗ್ಗೆಯೇ ಒಂದು ನಿಜವಾದ ವಾಕ್ಯ ಬರೆದುಕೊಂಡು ಬರಬೇಕಿತ್ತು.

ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ. ಇದಕ್ಕೆ ಕನ್ನಡದಲ್ಲಿ ಏನನ್ನುತ್ತೇವೆ? ಕಳ್ಳ ಬಾಯಿ ಬಿಡುತ್ತಾನೆ, ಗೆಳತಿಯರು ಮನಸ್ಸು ಬಿಚ್ಚುತ್ತಾರೆ, ದುಃಖವಿದ್ದವರು ತೋಡಿಕೊಳ್ಳುತ್ತಾರೆ. ತೋಡುವುದು ನಮ್ಮ ಬಯಲುಸೀಮೆಯವರಿಗೆ ಹೇಳಿ ಮಾಡಿಸಿದ ಮಾತು. ಬಾವಿ ತೋಡಿದ ಹಾಗೆ ಎಷ್ಟು ಬೇಕೋ ಅಷ್ಟು ತೋಡಿ, ಕಲ್ಲು ಹತ್ತಿದರೆ ನಿಲ್ಲಿಸಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಕೊರಿಯಾದವರು ಮೂಲೆ ತಟ್ಟುವವರೆಗೆ ಬಿಡುವುದಿಲ್ಲವಲ್ಲ, ಅದೇ ನನಗೆ ಇರುಸುಮುರುಸಾಯಿತು.

ಮುಂದಿನ ಭಾನುವಾರ ಹುಡುಗಿಯರು ಒಬ್ಬೊಬ್ಬರೇ ಓದಿದರು. ಒಬ್ಬಳು ಗಣಿತದಲ್ಲಿ ಫೇಲಾದದ್ದನ್ನು ಅಮ್ಮನಿಗೆ ಹೇಳಿದ್ದಳು. ಇನ್ನೊಬ್ಬಳು ಗೆಳತಿಯ ಕಿವಿಯೋಲೆ ಕಳೆದದ್ದನ್ನು ಒಪ್ಪಿಕೊಂಡಿದ್ದಳು. ನನ್ನ ಸರದಿ ಬಂದಾಗ, 'ನಾನು ತರಕಾರಿ ಚೀಲ ಜಾಡಿಸಿದೆ' ಎಂದು ಓದಿದೆ. ಮೌನಿಕಾ ನಕ್ಕು, "ಆಂಟೀಗಾರು, ಇದಿ ಬ್ಯಾಗ್ ಕಥ. ಮರಿ ಮೀ ಕಥ ಏದಿ?" ಎಂದಳು. ಇದು ಚೀಲದ ಕಥೆಯಾಯಿತು, ನಿಮ್ಮದೆಲ್ಲಿ ಎಂದು. ಹುಡುಗಿಯರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಯಾಕೆಂದರೆ ನನ್ನ ಕಥೆ ಒಂಬತ್ತು ವರ್ಷದಿಂದ ನಮ್ಮ ಅಡುಗೆಮನೆಯ ಬಾಗಿಲ ಮೇಲಿನ ಸಜ್ಜಾದಲ್ಲಿ, ಹಳೆಯ ಇಡ್ಲಿ ಪಾತ್ರೆಯ ಹಿಂದೆ ಕೂತಿತ್ತು.

ಅದೊಂದು ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಕೊರೆದು 'ಕಸ್ತೂರಿಬಾಯಿ' ಎಂದು ಬರೆಸಿದೆ. ಕಸ್ತೂರಕ್ಕ ಗದಗ ಕಡೆಯವರು, ಸನತ್‌ನಗರದಲ್ಲಿ ಹದಿನಾಲ್ಕು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದರು. ಅವರ ಯಜಮಾನರು, ನಮ್ಮವರು, ನಾನು ಮೂವರೂ ಕೇಂದ್ರ ಸರ್ಕಾರದ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ನಾನು ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಒಂದು ನಟ್ಟು ಕಾಣದಿದ್ದರೂ ನಾಲ್ಕು ಜನರನ್ನು ನಿಲ್ಲಿಸಿ ಹುಡುಕಿಸುತ್ತಿದ್ದವಳು ನಾನೇ.

ಒಂಬತ್ತು ವರ್ಷದ ಹಿಂದೆ ನಾಗರಪಂಚಮಿಗೆ ಕಸ್ತೂರಕ್ಕ ಆ ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕಳಿಸಿದರು. ಉಂಡಿ ಮೂರು ದಿನದಲ್ಲಿ ಮುಗಿದವು. ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು, ಅದು ನಮ್ಮ ಕಡೆಯ ಪದ್ಧತಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ನಾನೂ ತೊಳೆದು, ಒರೆಸಿ, ಒಂದು ಹಿಡಿ ಸಕ್ಕರೆ ಹಾಕಿ ಇಟ್ಟೆ. ಆಮೇಲೆ, ಉಂಡಿಗೆ ಬರೀ ಸಕ್ಕರೆಯೇ, ಹೋಳಿಗೆ ಮಾಡಿದಾಗ ತುಂಬಿ ಕೊಟ್ಟರಾಯಿತು ಎಂದು ಸಜ್ಜಾದ ಮೇಲೆ ಎತ್ತಿಟ್ಟೆ. ಪದ್ಧತಿಯ ಪ್ರಕಾರ ಎಲ್ಲವೂ ಆಗಿತ್ತು, ಕೊಡುವುದೊಂದು ಬಿಟ್ಟು.

ದೀಪಾವಳಿ ಮುಗಿದ ಮೇಲೆ ಕಸ್ತೂರಕ್ಕ ಬಸುರಿ ಮಗಳ ಕುಬಸಕ್ಕೆ ಪಾತ್ರೆಗಳನ್ನು ಹೊಂದಿಸುತ್ತಿದ್ದರು. ನಮ್ಮ ಹಿತ್ತಿಲ ಬಾಗಿಲಿಗೆ ಬಂದು, "ವೈನಿ, ನಮ್ಮವ್ವ ಕೊಟ್ಟ ಡಬ್ಬಿ ನಿಮ್ಮನ್ಯಾಗ ಐತೇನ್ರಿ?" ಎಂದು ಕೇಳಿದರು. ಅಂದು ನನಗೆ ಕಾರ್ಖಾನೆಗೆ ಹೊತ್ತಾಗಿತ್ತು. "ಆವಾಗೇ ಕೊಟ್ಟೀನಲ್ಲರಿ ಅಕ್ಕಾರ" ಎಂದೆ. ಅಲ್ಲಿಯವರೆಗೆ ಅದು ಮರೆವು. ಆದರೆ ಅವರು, ಯಾರ ಕೈಯಲ್ಲಿ ಎನ್ನುವ ಹಾಗೆ ನನ್ನ ಮುಖ ನೋಡಿದರು. ಆಗ ನಾನು ಹೇಳಿದ್ದು ಮರೆವಲ್ಲ. "ಯಾದಮ್ಮನ ಕೈಯಾಗ ಕೊಟ್ಟೀನಲ್ಲರಿ" ಎಂದೆ.

ಯಾದಮ್ಮ ಆರು ವರ್ಷದಿಂದ ನಮ್ಮ ಎರಡೂ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆ ಹೊತ್ತಿಗೆ ನಮ್ಮಿಂದ ನಾಲ್ಕು ಮಾರು ದೂರದ ನಲ್ಲಿಯ ಕೆಳಗೆ ನನ್ನ ಪಾತ್ರೆಗಳನ್ನೇ ತಿಕ್ಕುತ್ತಾ ಕೂತಿದ್ದಳು. ಅವಳೊಂದಿಗೆ ನಾವು ತೆಲುಗು ಮಾತಾಡುತ್ತಿದ್ದೆವು. ಅವಳ ವಿಷಯವನ್ನು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಹೈದರಾಬಾದಿನ ನಾವು ಕನ್ನಡದವರು ಮಾಡುವ ಘನಕಾರ್ಯವಿದು. ಬೀದಿಯಲ್ಲಿ ಕನ್ನಡ ಬಿಟ್ಟು ತೆಲುಗು, ಹಿಂದಿಗೆ ಹೊರಳುತ್ತೇವೆ. ಎದುರಿಗೆ ಕೂತವರ ಬೆನ್ನ ಹಿಂದೆ ಆಡಬೇಕಾದ ಮಾತು ಬಂದರೆ ಮಾತ್ರ ತಾಯ್ನುಡಿ ಒತ್ತರಿಸಿಕೊಂಡು ಬರುತ್ತದೆ. "ಅಕಿಗೆ ಕೇಳಿದ್ರ ಒಪ್ಪತಾಳೇನು? ಹೋಗ್ಲಿ ಬಿಡ್ರಿ, ಮುಂದಿನ ತಿಂಗಳಿಂದ ಬ್ಯಾರೇದಕಿಗೆ ಹೇಳತೀನಿ" ಎಂದರು ಕಸ್ತೂರಕ್ಕ. ನಾನು ತಲೆಯಾಡಿಸಿದೆ. ಯಾದಮ್ಮ ತಲೆಯೆತ್ತಲಿಲ್ಲ. ಮುಂದಿನ ತಿಂಗಳು ಅವಳು ಅವರ ಮನೆಗೂ ಬರಲಿಲ್ಲ, ನಮ್ಮ ಮನೆಗೂ ಬರಲಿಲ್ಲ.

ಯುಗಾದಿಗೆ ಸಜ್ಜಾ ಒರೆಸುವಾಗ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಸಕ್ಕರೆ ಹೆಪ್ಪುಗಟ್ಟಿ ತಳಕ್ಕೆ ಅಂಟಿತ್ತು. ಸ್ಟೂಲಿನ ಮೇಲೆ ನಿಂತವಳು ಹಾಗೇ ಕೂತೆ. ಆ ಕ್ಷಣವೇ ಎದ್ದು ಹೋಗಿ ಹೇಳಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಹಬ್ಬದ ದಿನ ಬೇಡ ಎಂದುಕೊಂಡೆ. ಆಮೇಲೆ ಕಸ್ತೂರಕ್ಕನ ಮಗಳ ಬಾಣಂತನ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಅವರ ಯಜಮಾನರು ನಿವೃತ್ತರಾಗಿ ಮನೆಮಂದಿಯೆಲ್ಲ ಉಪ್ಪಲ್‌ಗೆ ಹೋದರು. ದೂರ ಹೋದವರಿಗೆ ಹಳೆಯದನ್ನು ಯಾಕೆ ಕೆದಕುವುದು ಎಂಬ ಹೊಸ ನೆಪ ಸಿಕ್ಕಿತು. ಡಬ್ಬಿಯನ್ನು ಇಡ್ಲಿ ಪಾತ್ರೆಯ ಹಿಂದೆ ಇಟ್ಟೆ. ನಮ್ಮವರಿಗೂ ಹೇಳಲಿಲ್ಲ.

ಯಾದಮ್ಮ ದೂರವೇನೂ ಹೋಗಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲೇ ಸಂಜೆ ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಮಾರತೊಡಗಿದಳು. ರಾಯಚೂರಿನವಳಾದ ನನಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕಾಲು ತಾನಾಗಿ ಅತ್ತ ತಿರುಗುತ್ತದೆ. ಆದರೂ ಒಂಬತ್ತು ವರ್ಷ ನಾನು ರಸ್ತೆ ದಾಟಿ ಆಚೆ ಬದಿಯಿಂದ ನಡೆದೆ. ಎರಡು ಗಲ್ಲಿ ಆಚೆ ಇನ್ನೊಬ್ಬಳ ಹತ್ತಿರ ಚಪ್ಪಲಿಯಂಥ ರೊಟ್ಟಿ ಕೊಂಡು ತಿಂದೆ. ಯಾದಮ್ಮನ ಕಣ್ಣಿಗೆ ಬಿದ್ದರೆ, "ಬಾಗುನ್ನವಾಮ್ಮಾ?" ಎಂದು ಅವಳೇ ಕೇಳುತ್ತಿದ್ದಳು. ಚೆನ್ನಾಗಿದ್ದೇನೆ ಎಂದು ಹೇಳಿ ಮನೆಗೆ ಬರುವಷ್ಟರಲ್ಲಿ ನನ್ನ ಬಗ್ಗೆ ನನಗೇ ಹೇಸಿಗೆಯಾಗಿರುತ್ತಿತ್ತು.

ತರಗತಿಯಲ್ಲಿ ಮೌನಿಕಾ ಹಾಗೆ ಕೇಳಿದ ಮಧ್ಯಾಹ್ನ ಡಬ್ಬಿ ಇಳಿಸಿದೆ. ಬಿಸಿನೀರು ಹಾಕಿ ನೆನೆಸಿ, ಸಕ್ಕರೆ ಕರಗಿಸಿ ತೊಳೆದೆ. ಯಾದಮ್ಮನ ಹತ್ತಿರ ಬರಿಗೈಯಲ್ಲಿ ಹೇಗೆ ಹೋಗುವುದೆಂದು ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಹೋಳಿಗೆಗೆ ಕಣಕವನ್ನೂ ನಾದಿದೆ. ಮೊದಲ ಹೋಳಿಗೆ ಹಂಚಿನ ಮೇಲಿರುವಾಗ ನನ್ನ ಬುದ್ಧಿ ನನಗೇ ಗೊತ್ತಾಯಿತು. ಬಾಯಿ ತುಂಬ ಹೋಳಿಗೆ ಇಟ್ಟವಳನ್ನು ಯಾರು ಬೈಯುತ್ತಾರೆ? ಒಲೆ ಆರಿಸಿ, ಹುಟ್ಟಿದಂದಿನಿಂದ ಮೊದಲ ಸಲ ಖಾಲಿ ಡಬ್ಬಿ ಹಿಡಿದು ಹೊರಟೆ.

ಯಾದಮ್ಮ ಆಗಷ್ಟೇ ಒಲೆ ಹೊತ್ತಿಸುತ್ತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ತೆಲುಗು ಮಾತುಗಳನ್ನು ತಡವರಿಸುತ್ತಾ ಒಪ್ಪಿಸಿದೆ. ಡಬ್ಬಿ ನನ್ನ ಮನೆಯಲ್ಲೇ ಇತ್ತು, ನಾನು ಸುಳ್ಳು ಹೇಳಿದೆ, ತಪ್ಪಾಯಿತು. ಅವಳು ಹಿಟ್ಟಿನ ಕೈ ಒರೆಸಿಕೊಂಡು ಡಬ್ಬಿಯನ್ನು ನೋಡಿದಳು, ಮುಟ್ಟಲಿಲ್ಲ.

"ನಾಕೆಂದುಕು ಚೆಪ್ತುನ್ನವಮ್ಮಾ? ನೇನು ತಿಯ್ಯಲೇದನಿ ನಾಕು ತೆಲ್ವದಾ?" ಎಂದಳು. ತಾನು ಕದ್ದಿಲ್ಲವೆಂದು ತನಗೇ ಗೊತ್ತಿಲ್ಲವೇ, ತನಗೆ ಯಾಕೆ ಹೇಳುತ್ತೀ ಎಂದು.

ಒಂಬತ್ತು ವರ್ಷ ಕಾದು, ಎಷ್ಟೋ ಧೈರ್ಯ ಮಾಡಿ, ಇದು ಗೊತ್ತಿರುವ ಒಬ್ಬಳೇ ಒಬ್ಬಳಿಗೆ ಬಂದು ಹೇಳಿದ್ದೆ. ಆಮೇಲೆ ಅವಳು ಒಲೆಯ ಕಡೆ ನೋಡುತ್ತಲೇ, ನನ್ನದೇ ದನಿಯಲ್ಲಿ, ನನ್ನದೇ ರಾಯಚೂರಿನ ಎಳೆತದಲ್ಲಿ, "ಯಾದಮ್ಮನ ಕೈಯಾಗ ಕೊಟ್ಟೀನಲ್ಲರಿ" ಎಂದಳು. ಒಂದಕ್ಷರ ತಪ್ಪಿರಲಿಲ್ಲ. ಆರು ವರ್ಷ ನಮ್ಮ ಪಾತ್ರೆ ತಿಕ್ಕಿದವಳಿಗೆ ನಮ್ಮ ಕನ್ನಡ ಬಾರದೆಂದು ತಿಳಿದಿದ್ದೆವಲ್ಲ. ನನಗೆ ಅಲ್ಲಿಯೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಗಾ ಅಕ್ಕಕು ಚೆಪ್ಪು" ಎಂದಳು ಯಾದಮ್ಮ. "ನಾ ಮುಂದರ ಚೆಪ್ಪು. ಕನ್ನಡಲ ಕಾದು, ತೆಲುಗುಲ ಚೆಪ್ಪು."

ಆ ಅಕ್ಕನಿಗೆ ಹೇಳಬೇಕು, ತನ್ನ ಎದುರಿಗೇ ಹೇಳಬೇಕು, ಅದೂ ತೆಲುಗಿನಲ್ಲಿ. ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಅಮೀರ್‌ಪೇಟದಲ್ಲಿ ಮೆಟ್ರೊ ಬದಲಿಸಿ ಉಪ್ಪಲ್ ತಲುಪುವವರೆಗೂ ಡಬ್ಬಿ ನನ್ನ ತೊಡೆಯ ಮೇಲಿತ್ತು. ಯಾದಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು. ನಾನು ಮನಸ್ಸಿನಲ್ಲೇ ಮೂರು ವಾಕ್ಯಗಳನ್ನು ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದೆ.

ಬಾಗಿಲು ತೆರೆದ ಕಸ್ತೂರಕ್ಕ, "ಅಯ್ಯ ವೈನಿ! ಬರ್ರಿ, ಬರ್ರಿ" ಎಂದು ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು, ಅಭ್ಯಾಸಬಲದಿಂದ ಮುಚ್ಚಳ ತೆಗೆದರು. "ಖಾಲಿ ಡಬ್ಬಿ ತಂದೀರಲ್ಲರಿ? ನೀವು ಯಾವಾಗಿಂದ ಹಿಂಗಾದ್ರಿ?" ಎಂದು ನಕ್ಕು ಮುಚ್ಚಳ ಹಾಕುವಾಗ ಹೆಬ್ಬೆರಳಿಗೆ ಚುಕ್ಕಿಗಳು ತಾಗಿದವು. ಹೆಸರು ಓದಿದರು. ನನ್ನ ಹಿಂದೆ ನಿಂತಿದ್ದ ಯಾದಮ್ಮನನ್ನು ನೋಡಿದರು.

"ಅಕ್ಕಾ, ಈ ಡಬ್ಬಾ ಯಾದಮ್ಮ ತಿಯ್ಯಲೇದು. ನಾ ಇಂಟ್ಲನೇ ಉಂಡೆ. ನೇನು ಅಬದ್ಧಂ ಚೆಪ್ಪಿನ" ಎಂದೆ. ಯಾದಮ್ಮ ತೆಗೆದಿಲ್ಲ, ನನ್ನ ಮನೆಯಲ್ಲೇ ಇತ್ತು, ನಾನು ಸುಳ್ಳು ಹೇಳಿದೆ. "ಏನ್ ಮಾತಾಡಾಕತ್ತೀರಿ ವೈನಿ?" ಎಂದು ಅವರು ಕನ್ನಡದಲ್ಲಿ ಕೇಳಿದರು. ಕನ್ನಡದಲ್ಲಿ ಉತ್ತರಿಸಲು ನಾಲಿಗೆ ಹಾತೊರೆಯಿತು, ಅಲ್ಲಿ ನೂರು ಸಬೂಬುಗಳು ಸಿದ್ಧವಾಗಿದ್ದವು. ಅದೇ ಮೂರು ವಾಕ್ಯಗಳನ್ನು ಮತ್ತೆ ತೆಲುಗಿನಲ್ಲೇ ಹೇಳಿದೆ. ಎರಡನೆಯ ಸಲ ಇನ್ನೂ ಕಷ್ಟವಾಯಿತು.

ಕಸ್ತೂರಕ್ಕ ಯಾದಮ್ಮನ ಕಡೆ ತಿರುಗಿದರು. "ನೇನು ಕೂಡ ನಿನ್ನು ಅಡಗಲೇದು ಗದಾ ಯಾದಮ್ಮಾ" ಎಂದರು. ನಾನೂ ನಿನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ. ಏನು ಮಾಡಬೇಕೋ ತಿಳಿಯದೆ ಆ ಡಬ್ಬಿಯನ್ನೇ ಅವಳ ಕಡೆ ಚಾಚಿ, ನೀನೇ ಇಟ್ಟುಕೋ ಎಂದರು. ಯಾದಮ್ಮ ಮೊದಲ ಸಲ ನಕ್ಕಳು. "ವದ್ದಕ್ಕಾ. ದಾನಿ ಮೀದ ನೀ ಪೇರುಂದಿ. ರೇಪು ಎವರನ್ನ ಚೂಸ್ತೇ ಮಳ್ಳ ನಾ ಮೀದಿಕೇ ವಸ್ತದಿ." ಅದರ ಮೇಲೆ ನಿನ್ನ ಹೆಸರಿದೆ, ನಾಳೆ ಯಾರಾದರೂ ನೋಡಿದರೆ ಮತ್ತೆ ನನ್ನ ಮೇಲೆಯೇ ಬರುತ್ತದೆ. ನಮ್ಮಿಬ್ಬರಿಗೂ ನಗಲಾಗಲಿಲ್ಲ. "ಚಾಯ್ ಪೆಟ್ಟಕ್ಕಾ" ಎಂದು ಅವಳೇ ಹೇಳಿ, ಸೋಫಾದ ಮೇಲೆ ಕೂತಳು.

ಕಸ್ತೂರಕ್ಕ ಚಹಾ ಮಾಡಿದರು. ಮೂವರೂ ಕುಡಿದೆವು. ಯಾದಮ್ಮ ಕ್ಷಮಿಸಿದೆ ಎನ್ನಲಿಲ್ಲ, ನನಗೂ ಕೇಳುವ ಮುಖವಿರಲಿಲ್ಲ. ಕುಡಿದು ಮುಗಿದ ಮೇಲೆ ಅವಳು ರೂಢಿಯಂತೆ ಕಪ್ಪು ಎತ್ತಿಕೊಂಡು ಏಳಹೋದವಳು, ಏನೋ ನೆನಪಾದಂತೆ ಮತ್ತೆ ಕೂತಳು. ನಾನು ಮೂರೂ ಕಪ್ಪುಗಳನ್ನು ಒಯ್ದು ತೊಳೆದು, ನೀರು ಜಾಡಿಸಿ ಬೋರಲು ಹಾಕಿದೆ. ಥೊರೊನೋಥಾದಲ್ಲಿ ಜಾಡಿಸುವ ಭಾಗವಂತೂ ಪಾಸಾದೆ ಎಂದು ಒಳಗೊಳಗೇ ಬೀಗಿದೆ. ನಿಮಗೆ ಒಂದು ಮಾತು ಹೇಳದೆ ಬಿಟ್ಟಿದ್ದೆ. ಹಿಂದೆ ಯಾದಮ್ಮ ತಿಕ್ಕಿಟ್ಟ ಪ್ರತಿ ಪಾತ್ರೆಯನ್ನೂ ನಾನು ಸ್ಟೋರ್ಸಿನವಳ ಗತ್ತಿನಲ್ಲಿ ಎತ್ತಿ ಹಿಡಿದು, ಅಂಚು ನೋಡು ಎಂದು ಹಿಂದಕ್ಕೆ ಕೊಡುತ್ತಿದ್ದೆ.

ಅವಳು ಅಡುಗೆಮನೆಯ ಬಾಗಿಲಿಗೆ ಬಂದು ಒಂದು ಕಪ್ಪನ್ನು ಎತ್ತಿ ಬೆಳಕಿಗೆ ಹಿಡಿದಳು. "ಮಳ್ಳೊಕ್ಕಸಾರಿ ತೋಮಮ್ಮಾ. ಅಂಚುಕು ಚಾಯ್ ಮರಕ ಉಂದಿ" ಎಂದಳು.

ಕನ್ನಡಕ ಏರಿಸಿ ನೋಡಿದೆ. ಅಂಚಿನಲ್ಲಿ ಚಹಾದ ಕಲೆ ಇತ್ತು. ಮತ್ತೊಮ್ಮೆ ತೊಳೆದೆ.